ಇಣುಕಲು ಒಂದು, ಕೂತು ನೋಡಲು ಇನ್ನೊಂದು: ಫೋಲ್ಡರಿನ ಆಡಿಯೋ ವಿಡಿಯೋಗಳಿಗೆ ಯಾವುದನ್ನು ಆರಿಸಬೇಕು?

ಕುರುಗೋಡು ಸೀಮೆಯ ಒಂದು ಬಯಲಾಟದ ಮೇಳದವರು ಕಳೆದ ಬೇಸಿಗೆಯಲ್ಲಿ ಬಳ್ಳಾರಿಯ ನಮ್ಮ ಮನೆಗೆ ಬಂದು, ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಹಾರ್ಡ್ ಡಿಸ್ಕೊಂದನ್ನು ನನ್ನ ಕೈಗಿಟ್ಟರು. ಹದಿನಾಲ್ಕು ವರ್ಷ ಆಡಿದ ದೊಡ್ಡಾಟಗಳು, ತಾಲೀಮುಗಳು, ತೀರಿಹೋದ ಮಾಸ್ತರರ ಹಾಡುಗಳು ಎಲ್ಲ ಅದರಲ್ಲೇ ಇವೆ. ಯಾವುದು ಎಲ್ಲಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ತೆರೆದರೆ ಮೂರು ಸಾವಿರಕ್ಕೂ ಹೆಚ್ಚು ಫೈಲುಗಳು. ಕ್ಯಾಮೆರಾ ಕೊಟ್ಟ ನಂಬರುಗಳು, ವಾಟ್ಸಾಪಿನಿಂದ ಬಂದ ಹೆಸರುಗಳು, ವಿಸಿಡಿಯಿಂದ ನಕಲಾದ ಫೋಲ್ಡರುಗಳು. ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದ್ದ ಕೆಲವು ಹೆಸರುಗಳಂತೂ ಅರ್ಥವಿಲ್ಲದ ಗುರುತುಗಳ ಸಾಲಾಗಿ ನಿಂತಿದ್ದವು.

ಮದುವೆ ಕ್ಯಾಸೆಟ್, ಜಾತ್ರೆಯ ವಿಡಿಯೋ, ಭಜನಾ ಮಂಡಳಿಯ ಹಾಡು, ಮಕ್ಕಳ ಫೋನಿನ ಗ್ಯಾಲರಿ, ಹೀಗೆ ಫೋಲ್ಡರುಗಟ್ಟಲೆ ಫೈಲು ಇಟ್ಟುಕೊಂಡ ಎಲ್ಲರಿಗೂ ಇದೇ ಪಾಡು. ಯಾವ ಪ್ಲೇಯರ್ ಚಲೋ ಎಂದು ಕೇಳಿದರೆ ಎಲ್ಲರೂ ಒಂದು ಹೆಸರು ಹೇಳಿಬಿಡುತ್ತಾರೆ. ಆ ಡಿಸ್ಕಿನ ಮುಂದೆ ಎರಡು ತಿಂಗಳು ಕೂತ ಮೇಲೆ ನನಗೆ ಖಾತ್ರಿಯಾದದ್ದು ಬೇರೆ. ಇಲ್ಲಿರುವುದು ಎರಡು ಕೆಲಸ. ಈ ಫೈಲಿನಲ್ಲಿ ಏನಿದೆ ಎಂದು ಐದು ಸೆಕೆಂಡು ಇಣುಕಿ ಮುಂದಕ್ಕೆ ಹೋಗುವುದು ಒಂದು, ಕೂತು ಪೂರ್ತಿ ನೋಡುವುದು ಇನ್ನೊಂದು. ಎರಡಕ್ಕೂ ಒಂದೇ ಸಾಫ್ಟ್‌ವೇರ್ ಹಿಡಿದರೆ ಎರಡೂ ನಿಧಾನವಾಗುತ್ತವೆ.

ಮೊದಲ ಆಯ್ಕೆ: ಲೈಬ್ರರಿಯೋ, ಫೋಲ್ಡರೋ?

ಪ್ಲೇಯರುಗಳಲ್ಲಿ ಎರಡು ಜಾತಿ. ಒಂದು ಜಾತಿಯವು ನಿಮ್ಮ ಫೈಲುಗಳನ್ನೆಲ್ಲ ಓದಿ ಲೈಬ್ರರಿ ಕಟ್ಟುತ್ತವೆ. ಹಾಡಿದವರು, ಆಲ್ಬಂ, ವರ್ಷ ಎಂದು ವಿಂಗಡಿಸಿ ತೋರಿಸುತ್ತವೆ. ವಿಂಡೋಸಿನ ಜೊತೆಗೇ ಬರುವ ಮೀಡಿಯಾ ಪ್ಲೇಯರ್, ಐಟ್ಯೂನ್ಸ್ ಈ ಜಾತಿಯವು. ಇನ್ನೊಂದು ಜಾತಿಯವು ಫೋಲ್ಡರನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತವೆ. ವಿಎಲ್‌ಸಿ, ಎಂಪಿಸಿ-ಎಚ್‌ಸಿ (ಮೀಡಿಯಾ ಪ್ಲೇಯರ್ ಕ್ಲಾಸಿಕ್ ಹೋಮ್ ಸಿನಿಮಾ) ಈ ಕಡೆಯವು.

ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡುಗಳಾದರೆ ಲೈಬ್ರರಿಯೇ ಚೆನ್ನ. ಆ ಫೈಲುಗಳೊಳಗೆ ಹಾಡಿದವರ ಹೆಸರು, ಚಿತ್ರದ ಹೆಸರು ಟ್ಯಾಗ್ ರೂಪದಲ್ಲಿ ಬರೆದಿರುತ್ತದೆ. ನಮ್ಮ ಮೇಳದ ಧ್ವನಿಮುದ್ರಣಕ್ಕೆ ಟ್ಯಾಗ್ ಬರೆದವರು ಯಾರು? ಲೈಬ್ರರಿ ಪ್ಲೇಯರಿಗೆ ಆ ಡಿಸ್ಕ್ ತೋರಿಸಿದಾಗ ಆಡಿಯೋ ಫೈಲುಗಳೆಲ್ಲ ‘ಅಪರಿಚಿತ ಗಾಯಕ’ ಎಂಬ ಒಂದೇ ಗುಂಪಿಗೆ ಹೋಗಿ ಬಿದ್ದವು. ಊರು, ವರ್ಷ, ಪ್ರಸಂಗ ಎಂದು ಮೇಳದವರು ಮಾಡಿಟ್ಟಿದ್ದ ಅಷ್ಟಿಷ್ಟು ಫೋಲ್ಡರುಗಳ ಜೋಡಣೆ ಆ ನೋಟದಲ್ಲಿ ಕಾಣಿಸಲೇ ಇಲ್ಲ. ಮನೆಯಲ್ಲಿ ಮಾಡಿದ ರೆಕಾರ್ಡಿಂಗುಗಳಿಗೆ ಫೋಲ್ಡರಿನ ಹೆಸರೇ ಗುರುತು. ಆ ಗುರುತನ್ನು ಗೌರವಿಸುವ ಪ್ಲೇಯರನ್ನೇ ಆರಿಸಿ.

ಇನ್ನೊಂದು ಎಚ್ಚರಿಕೆ. ಕೆಲವು ಲೈಬ್ರರಿ ಪ್ಲೇಯರುಗಳಲ್ಲಿ ಇಂಟರ್‌ನೆಟ್ಟಿನಿಂದ ವಿವರ ತಂದು ಫೈಲಿನೊಳಗೆ ಬರೆಯುವ, ಫೈಲಿನ ಹೆಸರು ಬದಲಿಸುವ, ಫೋಲ್ಡರುಗಳನ್ನು ಮರುಜೋಡಿಸುವ ಆಯ್ಕೆಗಳಿರುತ್ತವೆ. ಹಳೆಯ ಡಿಸ್ಕನ್ನು ತೋರಿಸುವ ಮೊದಲು ಸೆಟ್ಟಿಂಗಿಗೆ ಹೋಗಿ ಅವುಗಳ ಟಿಕ್ ತೆಗೆಯಿರಿ. ಅದಕ್ಕಿಂತ ಮುಂಚೆ ಇಡೀ ಡಿಸ್ಕಿನ ಒಂದು ನಕಲು ಮಾಡಿ, ನಕಲಿನ ಮೇಲೆ ಕೆಲಸ ಮಾಡಿ. ದರೋಜಿಯ ಜನಪದ ಗಾಯಕಿ ಬುರ್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡರು. ರಾತ್ರಿಗಟ್ಟಲೆ ಹಾಡುವಷ್ಟು ಕುಮಾರರಾಮನ ಕಥೆ ಅವರ ನೆನಪಿನಲ್ಲಿತ್ತು. ಅಂಥವರು ಹೋದ ಮೇಲೆ ಉಳಿಯುವುದು ಬರೆದಿಟ್ಟದ್ದು, ಮುದ್ರಿಸಿಟ್ಟದ್ದು ಅಷ್ಟೇ. ಒಂದು ಟಿಕ್ಕಿನಿಂದ ಅದು ಕಲಸಿಹೋಗಬಾರದು.

ಇಣುಕುವುದಕ್ಕೆ: ಎಕ್ಸ್‌ಪ್ಲೋರರೇ ಸಾಕೇ?

ಹೊಸದೇನನ್ನೂ ಹಾಕಿಕೊಳ್ಳುವ ಮೊದಲು ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರಿನಿಂದಲೇ ಎಷ್ಟು ಕೆಲಸ ತೆಗೆಯಬಹುದು ನೋಡಿ. ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಐಕಾನುಗಳು ದೊಡ್ಡದಾಗುತ್ತವೆ. ವಿಡಿಯೋದ ಒಂದು ಚೌಕಟ್ಟು ಅಲ್ಲೇ ಚಿತ್ರವಾಗಿ ಕಾಣುತ್ತದೆ, ಇದೇ ಥಂಬ್‌ನೇಲ್. ಹಗಲಿನದೋ ರಾತ್ರಿಯದೋ, ರಂಗದ ಮೇಲೆ ಒಬ್ಬರಿದ್ದಾರೋ ನಾಲ್ವರೋ ಎಂದು ತಿಳಿಯಲು ಅಷ್ಟು ಸಾಕು. ಚಿತ್ರದ ಜಾಗದಲ್ಲಿ ಬರೀ ಪ್ಲೇಯರಿನ ಚಿಹ್ನೆ ಬಂದರೆ, ಫೋಲ್ಡರ್ ಆಪ್ಷನ್ಸಿನಲ್ಲಿ ‘ಯಾವಾಗಲೂ ಐಕಾನ್ ತೋರಿಸು, ಥಂಬ್‌ನೇಲ್ ಬೇಡ’ ಎಂಬುದಕ್ಕೆ ಟಿಕ್ ಬಿದ್ದಿದೆಯೇ ನೋಡಿ.

ನನಗೆ ಥಂಬ್‌ನೇಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅವಧಿಯ ಕಾಲಂ. ಡೀಟೇಲ್ಸ್ ನೋಟಕ್ಕೆ ಹೋಗಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ‘ಲೆಂತ್’ ಎಂಬುದನ್ನು ಸೇರಿಸಿಕೊಳ್ಳಿ. ಆಮೇಲೆ ಅದರ ಮೇಲೆ ಕ್ಲಿಕ್ ಮಾಡಿ ಜೋಡಿಸಿ. ಹನ್ನೆರಡು ಸೆಕೆಂಡಿನ ಫೈಲು ತಪ್ಪಿ ಒತ್ತಿದ್ದು. ಮೂರು ನಿಮಿಷದ್ದು ಫೋನಿನಲ್ಲಿ ಯಾರೋ ಹಿಡಿದ ತುಣುಕು. 29 ನಿಮಿಷ 59 ಸೆಕೆಂಡಿನವು ಸಾಲಾಗಿ ಕಂಡರೆ ಅದೇ ನಿಮ್ಮ ಇಡೀ ರಾತ್ರಿಯ ಆಟ, ಏಕೆಂದರೆ ಹಿಂದಿನ ಬಹಳಷ್ಟು ಡಿಎಸ್‌ಎಲ್‌ಆರ್ ಕ್ಯಾಮೆರಾಗಳು ಅಷ್ಟಕ್ಕೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತಿದ್ದವು, ಕ್ಯಾಮೆರಾದವರು ಮತ್ತೆ ಒತ್ತಬೇಕಿತ್ತು. ಒಂದು ಫೈಲನ್ನೂ ತೆರೆಯದೆ ಡಿಸ್ಕಿನ ಅರ್ಧ ಭೂಪಟ ನನಗೆ ಸಿಕ್ಕಿದ್ದು ಹೀಗೆ.

ಆಲ್ಟ್ ಮತ್ತು ಪಿ ಒತ್ತಿದರೆ ಬಲಗಡೆ ಪ್ರಿವ್ಯೂ ಕಿಟಕಿ ತೆರೆಯುತ್ತದೆ. ಫೋಟೋ, ಪಠ್ಯದ ಫೈಲುಗಳಿಗೆ ಅದು ಬಹಳ ಒಳ್ಳೆಯದು. ಆಡಿಯೋ ವಿಡಿಯೋಗೆ ಅದನ್ನು ನೆಚ್ಚಿ ಕೂರಬೇಡಿ.

ಎಕ್ಸ್‌ಪ್ಲೋರರಿನ ಒಂದು ಕಾಟವನ್ನೂ ಹೇಳಬೇಕು. ದೊಡ್ಡ ಫೋಲ್ಡರ್ ತೆರೆದಾಗ ಮೇಲೆ ಹಸಿರು ಪಟ್ಟಿ ನಿಧಾನವಾಗಿ ತೆವಳುತ್ತ ಇದ್ದರೆ, ಆ ಫೋಲ್ಡರಿನ ಪ್ರಾಪರ್ಟೀಸಿಗೆ ಹೋಗಿ, ಕಸ್ಟಮೈಸ್ ಎಂಬಲ್ಲಿ ‘ವಿಡಿಯೋ’ ಎಂದಿರುವುದನ್ನು ‘ಜನರಲ್ ಐಟಮ್ಸ್’ ಮಾಡಿ. ಹಳೆ ಲ್ಯಾಪ್‌ಟಾಪಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ.

ಸ್ಪೇಸ್ ಬಾರಿನ ಇಣುಕು

ಆಪಲ್ ಮ್ಯಾಕ್ ಬಳಸುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಅವರಿಗೆ 2007ರಿಂದಲೇ ಕ್ವಿಕ್ ಲುಕ್ ಇದೆ: ಫೈಲಿನ ಮೇಲೆ ನಿಂತು ಸ್ಪೇಸ್ ಬಾರ್ ಒತ್ತಿದರೆ ಅಲ್ಲೇ ಓಡುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಉಬುಂಟು ಹಾಕಿಕೊಂಡವರು ಗ್ನೋಮ್ ಸುಶಿ ಎಂಬ ಚಿಕ್ಕ ಪ್ಯಾಕೇಜ್ ಸೇರಿಸಿಕೊಂಡರೆ ಅದೇ ಅನುಕೂಲ.

ವಿಂಡೋಸಿನಲ್ಲಿ ಎರಡು ದಾರಿ. ಒಂದು, ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಉಚಿತವಾಗಿ ಸಿಗುವ ಕ್ವಿಕ್‌ಲುಕ್. ಮ್ಯಾಕಿನ ಅನುಕೂಲವನ್ನು ವಿಂಡೋಸಿಗೆ ತಂದದ್ದು ಅದು, ಸ್ಪೇಸ್ ಬಾರಿನಿಂದಲೇ ನಡೆಯುತ್ತದೆ. ಎರಡು, ಮೈಕ್ರೋಸಾಫ್ಟಿನದೇ ಪವರ್‌ಟಾಯ್ಸ್ ಎಂಬ ಉಪಕರಣಗಳ ಪೆಟ್ಟಿಗೆಯಲ್ಲಿರುವ ಪೀಕ್. ಇದು 2023ರಲ್ಲಿ ಸೇರಿದ್ದು. ಮೊದಲಿಂದ ಇರುವ ಕೀಲಿ ಕಂಟ್ರೋಲ್ ಮತ್ತು ಸ್ಪೇಸ್. ತೆರೆದ ಮೇಲೆ ಬಾಣದ ಗುಂಡಿಯಿಂದ ಫೋಲ್ಡರಿನ ಮುಂದಿನ ಫೈಲಿಗೆ ಹೋಗಬಹುದು. ನಾಲ್ಕೈದು ಫೈಲು ಆರಿಸಿ ತೆರೆದರೆ ಆ ನಾಲ್ಕೈದರಲ್ಲೇ ಸುತ್ತುತ್ತದೆ.

ಎರಡರಲ್ಲಿ ಯಾವುದು? ಪವರ್‌ಟಾಯ್ಸ್ ದೊಡ್ಡ ಪೆಟ್ಟಿಗೆ, ಒಂದು ಪೀಕಿಗಾಗಿ ಹತ್ತಾರು ಉಪಕರಣ ಬರುತ್ತವೆ. ಬೇಡದ್ದನ್ನು ಆಫ್ ಮಾಡಿಡಬಹುದು, ಆದರೂ ನಾಲ್ಕು ಜಿಬಿ ರಾಮಿನ ಯಂತ್ರದ ಮೇಲೆ ನಾನು ಅದನ್ನು ಹೇರುವುದಿಲ್ಲ. ಅಲ್ಲಿ ಕ್ವಿಕ್‌ಲುಕ್ ಸಾಕು. ಹೊಸ ವಿಂಡೋಸ್ 11 ಯಂತ್ರವಿದ್ದು, ಫೋಟೋಗಳೂ ಬಹಳ ಇದ್ದರೆ ಪೀಕ್ ಚೆನ್ನ.

ಹೀಗೆ ಇಣುಕುವುದರ ಬೆಲೆ ನನಗೆ ಗೊತ್ತಾದದ್ದು ವಾಟ್ಸಾಪಿನ ಫೋಲ್ಡರಿಗೆ ಬಂದಾಗ. ಆರುನೂರರಷ್ಟು ಧ್ವನಿ ಸಂದೇಶಗಳು, ಹೆಸರಿನಲ್ಲಿ ತಾರೀಖು ಬಿಟ್ಟರೆ ಬೇರೇನೂ ಇಲ್ಲ. ಮೇಳದ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು. ನಾನು ಒಂದೊಂದಾಗಿ ಇಣುಕುತ್ತ ಹೋಗುತ್ತಿದ್ದೆ. ಊಟಕ್ಕೆ ಎಷ್ಟು ಮಂದಿ, ಟ್ರಾಕ್ಟರ್ ಯಾವಾಗ ಬರುತ್ತದೆ, ಹಾರ್ಮೋನಿಯಂ ಯಾರ ಮನೆಯಲ್ಲಿದೆ. ಹೀಗೇ ಸಾಗುತ್ತಿರುವಾಗ ಒಂದರಲ್ಲಿ ಯಾರೋ ತಾಳವಿಲ್ಲದೆ, ಸಣ್ಣ ದನಿಯಲ್ಲಿ ಪದ ಹೇಳಿಕೊಡುತ್ತಿದ್ದರು.

“ತಡಿ ತಮ್ಮಾ, ನಿಂದ್ರಸು. ಹಿಂದಕ್ಕ ಹಾಕು,” ಎಂದರು ಹಿರಿಯರು. ಮತ್ತೆ ಹಾಕಿದೆ. “ನಮ್ ಮಾಸ್ತರ್ದು ಈ ದನಿ. ಆಸ್ಪತ್ರ್ಯಾಗಿದ್ದಾಗ ಹುಡುಗರಿಗೆ ಫೋನಿನಾಗ ಹೇಳಿಕೊಟ್ಟಿದ್ರು.”

ಒಂದು ನಿಮಿಷ ನಲವತ್ತು ಸೆಕೆಂಡು. ಒಂದೊಂದು ಫೈಲಿಗೂ ಎರಡು ಸಲ ಕ್ಲಿಕ್ ಮಾಡಿ, ಪ್ಲೇಯರ್ ತೆರೆಯುವವರೆಗೆ ಕಾದು, ಮುಚ್ಚಿ, ಮತ್ತೆ ಫೋಲ್ಡರಿಗೆ ಬರುವ ಹಾದಿಯಲ್ಲಿ ಹೋಗಿದ್ದರೆ ನಾವು ಇನ್ನೂರಕ್ಕೇ ಎದ್ದುಬಿಡುತ್ತಿದ್ದೆವು. ಆ ಫೈಲು ಇದ್ದದ್ದು ನಾನೂರರ ಆಚೆ.

ಕೂತು ನೋಡುವುದಕ್ಕೆ: ವಿಎಲ್‌ಸಿಯೋ, ಎಂಪಿಸಿ-ಎಚ್‌ಸಿಯೋ?

ವಿಎಲ್‌ಸಿಯನ್ನು ಪರಿಚಯಿಸಬೇಕಿಲ್ಲ. ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಕೆಲಸ ಅದು. 2001ರಿಂದ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಸಿಗುತ್ತಿದೆ. 2022ರಲ್ಲಿ ಕೆಲವು ತಿಂಗಳು ಅದರ ವೆಬ್‌ಸೈಟ್ ಭಾರತದಲ್ಲಿ ತೆರೆಯುತ್ತಿರಲಿಲ್ಲ, ಆ ವರ್ಷದ ನವೆಂಬರಿನಲ್ಲಿ ತಡೆ ತೆಗೆದರು. ಆಗ ಕಂಡಕಂಡ ಕಡೆಯಿಂದ ಇಳಿಸಿಕೊಂಡ ಪ್ರತಿ ನಿಮ್ಮಲ್ಲಿದ್ದರೆ ಅದನ್ನು ತೆಗೆದು, ವಿಡಿಯೋಲ್ಯಾನ್ ಸಂಸ್ಥೆಯ ತಾಣದಿಂದಲೇ ಹೊಸದಾಗಿ ಹಾಕಿಕೊಳ್ಳಿ.

ಅದರ ಬಲ ಇರುವುದು ಹಳೆಯ, ಅಪರೂಪದ ಬಗೆಗಳಲ್ಲಿ. ಹಿಂದಿನ ಫೋನುಗಳ ಎಎಂಆರ್ ಮತ್ತು 3ಜಿಪಿ, ಕ್ಯಾಮ್‌ಕಾರ್ಡರಿನ ಎಂಟಿಎಸ್, ವಾಟ್ಸಾಪಿನ ಓಪಸ್, ವಿಸಿಡಿಯ ಡ್ಯಾಟ್ ಎಲ್ಲವನ್ನೂ ಬೇರೆ ಕೋಡೆಕ್ (ಆಯಾ ಬಗೆಯ ಫೈಲನ್ನು ಬಿಡಿಸಿ ಓದುವ ತಂತ್ರಾಂಶ) ಕೇಳದೆ ಓಡಿಸಿತು. ಐಫೋನಿನಿಂದ ಬಂದ ಎಚ್‌ಇವಿಸಿ ವಿಡಿಯೋಗಳಿಗೆ ವಿಂಡೋಸಿನ ಸ್ವಂತ ಪ್ಲೇಯರ್ ಸ್ಟೋರಿನಿಂದ ದುಡ್ಡು ಕೊಟ್ಟು ಒಂದು ಎಕ್ಸ್‌ಟೆನ್ಷನ್ ತರಿಸಿ ಎನ್ನುವುದುಂಟು. ವಿಎಲ್‌ಸಿಗೆ ಅದೂ ಬೇಕಿಲ್ಲ. ಹಳೆ ಯಂತ್ರದಲ್ಲಿ 4ಕೆ ಗಾತ್ರದ ಅಂಥ ವಿಡಿಯೋ ತಡವರಿಸಿದರೆ ಅದು ಯಂತ್ರದ ಶಕ್ತಿಯ ಪ್ರಶ್ನೆ, ಪ್ಲೇಯರ್ ಬದಲಿಸಿದರೆ ಹೆಚ್ಚೇನೂ ಸಿಗದು.

ಹಾಡಿನ ಪದ ಕೇಳಿ ಬರೆದುಕೊಳ್ಳುವವರಿಗೆ ವಿಎಲ್‌ಸಿಯಷ್ಟು ಒದಗುವುದು ಇನ್ನೊಂದಿಲ್ಲ. ಶಿಫ್ಟ್ ಹಿಡಿದು ಎಡ ಬಾಣ ಒತ್ತಿದರೆ ಮೂರು ಸೆಕೆಂಡು ಹಿಂದಕ್ಕೆ, ಆಲ್ಟ್ ಹಿಡಿದರೆ ಹತ್ತು ಸೆಕೆಂಡು, ಕಂಟ್ರೋಲ್ ಹಿಡಿದರೆ ಒಂದು ನಿಮಿಷ. ಕಂಟ್ರೋಲ್ ಮತ್ತು ಆಲ್ಟ್ ಎರಡೂ ಹಿಡಿದು ಬಲ ಬಾಣ ಒತ್ತಿದರೆ ಐದು ನಿಮಿಷ ಮುಂದಕ್ಕೆ. ಗಣಪತಿ ಸ್ತುತಿ ಮುಗಿದು ಸಾರಥಿ ಬರುವ ಜಾಗವನ್ನು ನಾನು ಹುಡುಕುತ್ತಿದ್ದದ್ದು ಹೀಗೇ: ಐದೈದು ನಿಮಿಷ ಹಾರಿ, ದಾಟಿದ ಮೇಲೆ ಒಂದೊಂದು ನಿಮಿಷ ಹಿಂದೆ ಬಂದು. ಚೌಕ ಆವರಣದ ಗುಂಡಿಗಳಿಂದ ವೇಗ ಕಡಿಮೆ ಹೆಚ್ಚು ಮಾಡಬಹುದು. ದನಿಯ ಶ್ರುತಿ ಬದಲಾಗುವುದಿಲ್ಲ, ಮಾತು ಮಾತ್ರ ನಿಧಾನವಾಗುತ್ತದೆ. ಮದ್ದಳೆಯ ಸದ್ದಿನ ಕೆಳಗೆ ಮುಚ್ಚಿಹೋಗಿದ್ದ ಸಾಲುಗಳು ಸ್ವಲ್ಪ ವೇಗ ಇಳಿಸಿದಾಗ ಕೇಳಿಸಿದವು. ಸದ್ದನ್ನು ನೂರರ ಮೇಲೆ 125ರವರೆಗೂ ಏರಿಸಬಹುದು. ದೂರದಿಂದ ಹಿಡಿದ ರೆಕಾರ್ಡಿಂಗಿಗೆ ಅದು ಒದಗುತ್ತದೆ, ಸ್ಪೀಕರ್ ಒಡಕು ದನಿ ಕೊಡಲು ಶುರು ಮಾಡಿದರೆ ಇಳಿಸಿ.

ಫೋಲ್ಡರಿನ ವಿಷಯದಲ್ಲಿ ಮಾತ್ರ ವಿಎಲ್‌ಸಿ ಒಂದು ಕಡೆ ಎಡವುತ್ತದೆ. ಒಂದು ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಅದಕ್ಕೆ ಆ ಒಂದೇ ಫೈಲು ಗೊತ್ತು. ಮುಂದಿನದು ಎಂದರೆ ಅದೇ ಫೋಲ್ಡರಿನ ಮುಂದಿನ ಭಾಗಕ್ಕೆ ಹೋಗುವುದಿಲ್ಲ. ಫೋಲ್ಡರಿನ ಮೇಲೆಯೇ ರೈಟ್ ಕ್ಲಿಕ್ ಮಾಡಿ ‘ಪ್ಲೇ ವಿತ್ ವಿಎಲ್‌ಸಿ’ ಎನ್ನಬೇಕು, ಇಲ್ಲವೇ ವಿಎಲ್‌ಸಿಯೊಳಗೆ ಕಂಟ್ರೋಲ್ ಮತ್ತು ಎಫ್ ಒತ್ತಿ ಫೋಲ್ಡರ್ ತೋರಿಸಬೇಕು. ವಿಂಡೋಸ್ 11ರಲ್ಲಿ ಆ ರೈಟ್ ಕ್ಲಿಕ್ಕಿನ ಸಾಲು ‘ಶೋ ಮೋರ್ ಆಪ್ಷನ್ಸ್’ ಕೆಳಗೆ ಅಡಗಿರಬಹುದು. ತೆರೆದ ಮೇಲೆ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಪಟ್ಟಿ ಕಾಣುತ್ತದೆ, ಅದರಲ್ಲಿ ಎಲ್ಲಿಗೆ ಬೇಕಾದರೂ ಹಾರಬಹುದು.

ಎಂಪಿಸಿ-ಎಚ್‌ಸಿ ಗೆಲ್ಲುವುದು ಇಲ್ಲೇ. ಒಂದು ಫೈಲು ತೆರೆದು ಪೇಜ್ ಡೌನ್ ಒತ್ತಿದರೆ ಅದೇ ಫೋಲ್ಡರಿನ ಮುಂದಿನ ಫೈಲು, ಪೇಜ್ ಅಪ್ ಒತ್ತಿದರೆ ಹಿಂದಿನದು. ಪಟ್ಟಿ ಮಾಡುವ ಕೆಲಸವೇ ಇಲ್ಲ. ಒಂದು ಮುಗಿದ ಕೂಡಲೇ ಫೋಲ್ಡರಿನ ಮುಂದಿನದನ್ನು ತಾನೇ ಓಡಿಸು ಎಂದೂ ಸೆಟ್ಟಿಂಗಿನಲ್ಲಿ ಹೇಳಿಡಬಹುದು. ಬಹಳ ಹಗುರ, ಹಳೆ ಯಂತ್ರದಲ್ಲೂ ಥಟ್ಟನೆ ತೆರೆಯುತ್ತದೆ. ಮೂಲ ತಂಡ 2017ರಲ್ಲಿ ಕೆಲಸ ನಿಲ್ಲಿಸಿತು, ಆದರೆ ಬೇರೊಬ್ಬರು ಅದನ್ನು ಮುಂದುವರಿಸಿಕೊಂಡು ಬಂದಿದ್ದಾರೆ, ಹಾಕಿಕೊಳ್ಳುವಾಗ ಆ ಹೊಸ ಆವೃತ್ತಿಯನ್ನೇ ಹುಡುಕಿ. ಕೆ-ಲೈಟ್ ಕೋಡೆಕ್ ಪ್ಯಾಕಿನ ಜೊತೆಗೂ ಅದು ಬರುತ್ತದೆ. ಅದೇ ಪ್ಯಾಕಿನಲ್ಲಿರುವ ಇಕಾರೋಸ್ ಎಂಬುದನ್ನು ಹಾಕಿಕೊಂಡರೆ ಎಕ್ಸ್‌ಪ್ಲೋರರಿನಲ್ಲಿ ಥಂಬ್‌ನೇಲ್ ಬಾರದ ಎಂಕೆವಿ, ಎಫ್‌ಎಲ್‌ವಿ ಮುಂತಾದವುಗಳಿಗೂ ಚಿತ್ರ ಬರುತ್ತದೆ. ವಿಂಡೋಸ್ ಬಿಟ್ಟು ಬೇರೆ ಕಡೆ ಎಂಪಿಸಿ-ಎಚ್‌ಸಿ ಇಲ್ಲ.

ವಿಂಡೋಸಿನ ಮೀಡಿಯಾ ಪ್ಲೇಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಫೋನಿನ ಎಂಪಿ4 ನಾಲ್ಕು ನೋಡುವುದಾದರೆ ಸಾಕು.

ಆಡಿಯೋ ಮಾತ್ರ ಇದ್ದರೆ

ಇಲ್ಲಿ ನನ್ನ ಆಯ್ಕೆ ಫೂಬಾರ್2000. 2002ರಿಂದ ಇದೆ, ಉಚಿತ. ಆಲ್ಬಂ ಪಟ್ಟಿಯಲ್ಲಿ ‘ಫೋಲ್ಡರ್ ರಚನೆಯಂತೆ’ ಎಂಬ ನೋಟ ಆರಿಸಿದರೆ ಟ್ಯಾಗ್ ಇಲ್ಲದ ಫೈಲುಗಳೂ ಊರು, ವರ್ಷದ ಫೋಲ್ಡರಿನ ಮರದಲ್ಲೇ ಕೂರುತ್ತವೆ. ಹೀಗೆ ಲೈಬ್ರರಿಯ ಅನುಕೂಲವೂ ಸಿಗುತ್ತದೆ, ಫೋಲ್ಡರಿನ ಗುರುತೂ ಉಳಿಯುತ್ತದೆ. ಒಂದು ಊರಿನಲ್ಲಿ ಮೈಕಿನವರ ಬೋರ್ಡಿನಿಂದ ತೆಗೆದದ್ದು ಜೋರು, ಇನ್ನೊಂದು ಊರಿನಲ್ಲಿ ಜೇಬಿನ ಫೋನಿನಲ್ಲಿ ಹಿಡಿದದ್ದು ಮೆಲ್ಲಗೆ. ರೀಪ್ಲೇಗೇನ್ ಎಂಬ ಸೌಕರ್ಯ ಎರಡನ್ನೂ ಒಂದೇ ಮಟ್ಟದಲ್ಲಿ ಕೇಳಿಸುತ್ತದೆ. ಮೂಲ ದನಿಯನ್ನು ಅದು ಮುಟ್ಟುವುದಿಲ್ಲ, ಟ್ಯಾಗಿನಲ್ಲಿ ಒಂದು ಅಂಕಿ ಬರೆದಿಡುತ್ತದೆ ಅಷ್ಟೇ.

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದಿನವಿಡೀ ಪೆನ್‌ಡ್ರೈವ್ ಹಾಡುತ್ತಿರುತ್ತದೆ. ‘ಕಂಪ್ಯೂಟರಿನಲ್ಲಿ ಸರಿಯಾಗಿ ಬರೋ ಸಾಲು ಸ್ಪೀಕರಿನಲ್ಲಿ ಯಾಕೆ ಹಿಂದೆಮುಂದೆ ಆಗುತ್ತೆ’ ಎಂದು ಅಲ್ಲಿನವರು ಕೇಳುತ್ತಾರೆ. ಎಕ್ಸ್‌ಪ್ಲೋರರ್ 2 ಆದ ಮೇಲೆ 10 ಎಂದು ಸಂಖ್ಯೆಯನ್ನು ಅರ್ಥ ಮಾಡಿಕೊಂಡು ಜೋಡಿಸುತ್ತದೆ. ಅನೇಕ ಸ್ಪೀಕರುಗಳು 1, 10, 2 ಎಂದು ಅಕ್ಷರದ ಲೆಕ್ಕ ಹಿಡಿಯುತ್ತವೆ, ಕೆಲವು ನಕಲು ಮಾಡಿದ ಸಾಲಿನಲ್ಲೇ ಓಡಿಸುತ್ತವೆ. ಹೆಸರಿನ ಮುಂದೆ 01, 02 ಎಂದು ಸೊನ್ನೆ ಸೇರಿಸಿ, ಅದೇ ಸಾಲಿನಲ್ಲಿ ನಕಲು ಮಾಡಿದರೆ ಎರಡಕ್ಕೂ ಪರಿಹಾರ.

ಡಿಸ್ಕಿನಿಂದ ಬಂದ ಫೋಲ್ಡರುಗಳು

ವಿಸಿಡಿ ನಕಲಾಗಿದ್ದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರಿನಲ್ಲಿ ಡ್ಯಾಟ್ ಫೈಲು ಇರುತ್ತದೆ. ಡ್ಯಾಟ್ ಎಂದೊಡನೆ ಬೇಡದ್ದೆಂದು ಅಳಿಸಿದವರನ್ನು ನಾನು ಕಂಡಿದ್ದೇನೆ. ಆಟವೇ ಅದರಲ್ಲಿದೆ, ವಿಎಲ್‌ಸಿಗೆ ಎಳೆದು ಹಾಕಿ.

ಡಿವಿಡಿಯಾದರೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್, ಅದರಲ್ಲಿ ಒಂದೊಂದು ಜಿಬಿಯ ವಿಒಬಿ ತುಂಡುಗಳು. ಈ ತುಂಡುಗಳು ಗಾತ್ರದ ಲೆಕ್ಕದಲ್ಲಿ ಮುರಿದವು, ಕಥೆಯ ಲೆಕ್ಕದಲ್ಲಲ್ಲ. ಒಂದೊಂದನ್ನೇ ಇಣುಕಿದರೆ ಪದದ ನಡುವೆ ಕಡಿದುಹೋಗುತ್ತದೆ, ಮೆನುವಿನ ತುಣುಕೇ ಮೊದಲು ಸಿಕ್ಕು ‘ಇದರಲ್ಲಿ ಏನೂ ಇಲ್ಲ’ ಅನಿಸುತ್ತದೆ. ಇಡೀ ಫೋಲ್ಡರನ್ನೇ ವಿಎಲ್‌ಸಿಯ ಮೇಲೆ ಎಳೆದು ಬಿಟ್ಟರೆ ಡಿವಿಡಿಯಂತೆಯೇ ಓಡುತ್ತದೆ.

ಯಾವುದರಲ್ಲೂ ತೆರೆಯದ ಎಂಪಿ4 ನಮ್ಮ ಡಿಸ್ಕಿನಲ್ಲಿ ಒಂದಿತ್ತು, ಎರಡು ಜಿಬಿಗಿಂತ ದೊಡ್ಡದು. ಆಟದ ನಡುವೆ ಕರೆಂಟು ಹೋಗಿ ಕ್ಯಾಮೆರಾ ನಿಂತ ರಾತ್ರಿಯದು. ಎಂಪಿ4ನಲ್ಲಿ ಯಾವ ಚೌಕಟ್ಟು ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯುತ್ತಾರೆ. ಅದಕ್ಕೂ ಮುಂಚೆ ನಿಂತರೆ ದೃಶ್ಯವೆಲ್ಲ ಒಳಗಿದ್ದೂ ಪ್ಲೇಯರಿಗೆ ದಾರಿ ತಿಳಿಯುವುದಿಲ್ಲ. ಪ್ಲೇಯರ್ ಬದಲಿಸುತ್ತ ಕಾಲ ಕಳೆಯಬೇಡಿ, ಅಳಿಸಲೂ ಬೇಡಿ. ಅದೇ ಕ್ಯಾಮೆರಾದ ಚೆನ್ನಾಗಿರುವ ಇನ್ನೊಂದು ಫೈಲನ್ನು ಮಾದರಿಯಾಗಿ ಕೊಟ್ಟರೆ ಸೂಚಿಯನ್ನು ಮತ್ತೆ ಕಟ್ಟಿಕೊಡುವ ರಿಪೇರಿ ಉಪಕರಣಗಳಿವೆ. ನಮ್ಮದರಲ್ಲಿ ನಲವತ್ತು ನಿಮಿಷ ವಾಪಸ್ ಬಂತು.

ಮೇಳದ ಲ್ಯಾಪ್‌ಟಾಪಿಗೆ ಹಾಕಿದ್ದು

ನನ್ನ ಯಂತ್ರದಲ್ಲಿ ಕ್ವಿಕ್‌ಲುಕ್, ವಿಎಲ್‌ಸಿ, ಫೂಬಾರ್ ಮೂರೂ ಇವೆ. ಮೇಳದವರ ಲ್ಯಾಪ್‌ಟಾಪ್ ಹಳೆಯದು, ಬಳಸುವವರು ಅರವತ್ತು ದಾಟಿದವರು. ಅದಕ್ಕೆ ಎಂಪಿಸಿ-ಎಚ್‌ಸಿ ಹಾಕಿ ಎಲ್ಲ ಬಗೆಯ ಫೈಲುಗಳನ್ನೂ ಅದಕ್ಕೇ ಜೋಡಿಸಿದೆ, ವಿಎಲ್‌ಸಿಯನ್ನು ಡಿವಿಡಿ ಫೋಲ್ಡರಿಗೆಂದು ಪಕ್ಕದಲ್ಲಿ ಇಟ್ಟೆ. ಫೈಲುಗಳಿಗೆ ವರ್ಷ, ಊರು, ಪ್ರಸಂಗ ಈ ಸಾಲಿನಲ್ಲಿ ಯೂನಿಕೋಡ್ ಕನ್ನಡದಲ್ಲೇ ಹೆಸರು ಕೊಟ್ಟೆವು. ಹಿರಿಯರಿಗೆ ಕಲಿಸಿದ್ದು ಎರಡೇ ಗುಂಡಿ: ನಿಲ್ಲಿಸಲು ಸ್ಪೇಸ್ ಬಾರ್, ಮುಂದಿನದಕ್ಕೆ ಪೇಜ್ ಡೌನ್. ಪೇಜ್ ಡೌನ್ ಗುಂಡಿಯ ಮೇಲೆ ಅವರೇ ಒಂದು ಚೂರು ಕುಂಕುಮ ಹಚ್ಚಿಕೊಂಡರು, ಸಂಜೆ ಬೆಳಕು ಕಡಿಮೆಯಾದಾಗಲೂ ಕಾಣಲಿ ಎಂದು.